ಕೈಗಳು ಕಾಣುವಷ್ಟು ಬೆಳಕು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ನಾಲ್ಕು ಪ್ಯಾಂಟ್ ಆಲ್ಟರೇಷನ್, ಎರಡು ಜಿಪ್. ಮೂರು ಗಂಟೆಗೆ ಷಟರ್ ಅರ್ಧ ಎಳೆದು ಮದುವೆ ಹಾಲ್ ನೋಡಿ ಬಂದೆ. ಐನೂರು ಕುರ್ಚಿ, ಕೆಂಪು ಪರದೆ, ಕಿಟಕಿ ಎಂಬುದೇ ಇಲ್ಲ. ಮ್ಯಾನೇಜರ್ ಬಾಡಿಗೆ ಹೇಳಿದಾಗ ಕೆಮ್ಮು ಬಂತು. ಬ್ಯಾಂಡ್ ಬೇರೆ, ಮೈಕ್ ಬೇರೆ. ಕೂಡಿಟ್ಟದ್ದರಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ಸರಿ. ಊಟಕ್ಕೇನು ಮಾಡಲಿ? ಆದರೂ ಹಾಲ್‌ಗೆ ಹೆಸರು ಬರೆಸಿ, ಬ್ಯಾಂಡಿನವನಿಗೆ ಅಡ್ವಾನ್ಸ್ ಕೊಟ್ಟೇಬಿಟ್ಟೆ. ಅಪ್ಪ ಇಲ್ಲ, ಅಪ್ಪನ ಜಾಗದಲ್ಲಿ ನಾನು. ಕಿವಿ ಕೇಳದ ತಂಗಿಯನ್ನು ಹೇಗೋ ಸಾಗಹಾಕಿದ ಎಂದು ಯಾರೂ ಆಡಬಾರದು.

ಮಾರ್ಚ್ 6, ಗುರುವಾರ. ಸಂಜೆ

ತಂಗಿ ಕೆಲಸ ಮುಗಿಸಿ ನೇರ ಅಂಗಡಿಗೇ ಬಂದಳು. ಮನೆಯಲ್ಲಿ ಅವಳು ಗುಂಡಿ — ಐದು ವರ್ಷದವಳಿದ್ದಾಗ ಅಪ್ಪನ ಡಬ್ಬಿಯಿಂದ ಕೋಟಿನ ಗುಂಡಿ ನುಂಗಿದ್ದಳು. ಈಗ ಬಾಟಲಿ ಕಾರ್ಖಾನೆಯಲ್ಲಿ ತಪಾಸಣೆ. ಒಂದೊಂದೇ ಬಾಟಲಿಯನ್ನು ದೀಪದ ಮುಂದೆ ಹಿಡಿದು ಬಿರುಕು ಹುಡುಕುವ ಕೆಲಸ. ಅಂಥ ಕಣ್ಣಿಗೆ ಬ್ಯಾಂಡಿನ ರಸೀದಿ ಬೀಳದೆ ಇರುತ್ತದೆಯೇ...

ನನ್ನ ಚಾಕ್ ತೆಗೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬರೆದಳು: "ಇದು ಯಾರು ಕೇಳೋಕೆ?"

"ಜನ" ಎಂದು ಬರೆದೆ.

"ನನಗೆ ಕೇಳಲ್ಲ. ಅವರಿಗೂ ಕೇಳಲ್ಲ. ನಮ್ಮ ಸ್ನೇಹಿತರು ಮೂವತ್ತು ಜನ, ಅವರಿಗೂ ಕೇಳಲ್ಲ."

ಅವರು ಎಂದರೆ ಮದುವೆ ಹುಡುಗ. ಪ್ರೆಸ್ಸಿನಲ್ಲಿ ಬೈಂಡರ್. ಅವನಿಗೂ ಹುಟ್ಟಿನಿಂದ ಕಿವಿ ಕೇಳದು.

"ಮತ್ತೇನು ಬೇಕು?"

ಬರೆದದ್ದನ್ನೆಲ್ಲ ಒರೆಸಿದಳು. ಒಂದೇ ಪದ ಬರೆದಳು. "ಬೆಳಕು." ಕೆಳಗೆ ಇನ್ನೊಂದು ಸಾಲು: "ಭಾನುವಾರ ನನ್ನ ಜೊತೆ ಬಾ. ತೋರಿಸ್ತೀನಿ."

ಮಾರ್ಚ್ 9, ಭಾನುವಾರ

ಟೀ ಅಂಗಡಿಯ ಮಹಡಿ. ಅವಳ ಸ್ನೇಹಿತರೆಲ್ಲ ವಾರಕ್ಕೊಮ್ಮೆ ಸೇರುವ ಜಾಗವಂತೆ. ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಕುರ್ಚಿಗಳು ವೃತ್ತಾಕಾರದಲ್ಲಿ, ಎಲ್ಲರಿಗೂ ಎಲ್ಲರ ಮುಖ ಕಾಣುವಂತೆ. ಬೆಳಕು ಕಮ್ಮಿಯಾದರೆ ಯಾರಾದರೂ ಎದ್ದು ಕಿಟಕಿ ತೆಗೆಯುತ್ತಾರೆ. ಕೈ ಕಾಣದಿದ್ದರೆ ಮಾತು ನಿಂತಂತೆ.

ಬೈಂಡರ್ ಏನೋ ಕಥೆ ಹೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುಂಡಿ ಮೇಜು ಕುಟ್ಟಿ ನಕ್ಕಳು, ಗಟ್ಟಿಯಾಗಿ. ಆ ನಗೆ ನಾನು ಕೇಳಿಯೇ ಇರಲಿಲ್ಲ. ನಾನೊಬ್ಬ ಪೆಚ್ಚಾಗಿ, ಹಲ್ಲು ಕಿರಿದುಕೊಂಡು ಕೂತಿದ್ದೆ. ಏನಂತೆ, ಎಂದು ಸನ್ನೆ ಮಾಡಿದೆ. ಆಮೇಲೆ ಹೇಳ್ತೀನಿ, ಎಂದು ಸನ್ನೆ ಮಾಡಿದಳು.

ಮನೆಯಲ್ಲಿ ಊಟದ ಹೊತ್ತಿಗೆ ಅವಳು ಕೇಳಿದಾಗಲೆಲ್ಲ ನಾವು ಹೇಳುತ್ತಿದ್ದುದು ಅದನ್ನೇ. ಇಪ್ಪತ್ತೊಂಬತ್ತು ವರ್ಷ. ಯಾವತ್ತೂ ಹೇಳಿದ್ದಿಲ್ಲ. ನನಗೆ ಬರುವ ಸನ್ನೆಗಳು ಇಪ್ಪತ್ತಿರಬಹುದು — ಬಾ, ತಿನ್ನು, ಲೇಟಾಯಿತು, ಅಮ್ಮನಿಗೆ ಸಿಟ್ಟು ಬಂದಿದೆ.

ಮಾರ್ಚ್ 10, ಸೋಮವಾರ

ಹಾಲ್ ಬೇಡ ಎಂದು ಹೇಳಿ ಬಂದೆ. ಬ್ಯಾಂಡಿನವನು ಅರ್ಧ ವಾಪಸ್ ಕೊಟ್ಟ, ಒಳ್ಳೆಯವನು. ಮಧ್ಯಾಹ್ನಕ್ಕೆ ಅತ್ತೆಯ ಫೋನ್. ಅಪ್ಪನ ಅಕ್ಕ. ಅವರ ಕಿವಿಗೆ ಸುದ್ದಿ ಹೇಗೆ ಹೋಯಿತೋ.

"ಏನೋ, ವಾದ್ಯ ಇಲ್ಲ, ಮೈಕ್ ಇಲ್ಲ. ಮದುವೆ ಮಾಡ್ತಿದ್ದೀಯೋ, ಸಂತಾಪ ಸಭೆ ಮಾಡ್ತಿದ್ದೀಯೋ?"

"ಅವಳೇ ಬೇಡ ಅಂದಳು ಅತ್ತೆ."

"ಅವಳು ಅಂದ್ಲು, ನಿನಗೆ ಅನುಕೂಲ ಆಯ್ತು. ನಿನ್ನ ಕೈಲಾಗದ್ದಕ್ಕೆ ಆ ಮಗು ಕಿವಿನ ಅಡ್ಡ ಇಟ್ಕೊಂಡ್ಯಾ?"

ಫೋನ್ ಇಟ್ಟು ಹೊಲಿಯಲು ಕೂತೆ. ಹಾಲ್ ಬಿಟ್ಟ ಮೇಲೆ ಹಗುರವಾಗಿದ್ದೂ ನಿಜವೇ. ಆ ಹಗುರ ಅವಳಿಗಾಗಿಯೋ, ನನ್ನ ಜೇಬಿಗಾಗಿಯೋ? ಮಧ್ಯಾಹ್ನವೆಲ್ಲ ಅದೇ ಕೊರೆತ. ಒಂದು ಕಾಲರ್ ತಿರುವುಮುರುವು ಹೊಲಿದೆ.

ಮಾರ್ಚ್ 23, ಭಾನುವಾರ

ಬರೆಯಲು ಪುರುಸೊತ್ತೇ ಇಲ್ಲ. ಜಾಗ ಸಿಕ್ಕಿದೆ. ಪ್ರೆಸ್ಸಿನ ಹಳೆಯ ಕಾಗದದ ಗೋದಾಮು. ಮಾಲೀಕರು ಬಾಡಿಗೆ ಬೇಡ, ಗುಡಿಸಿ ಕೊಟ್ಟರೆ ಸಾಕು ಎಂದರಂತೆ. ಎರಡೂ ಕಡೆ ಆಳೆತ್ತರದ ಕಿಟಕಿಗಳು, ಗಾಜಿನ ಮೇಲೆ ಹತ್ತು ವರ್ಷದ ಧೂಳು. ಇವತ್ತು ಬಾಟಲಿ ಕಾರ್ಖಾನೆಯಿಂದ ಆರು ಹೆಂಗಸರು ಬಂದು ಉಜ್ಜಿದರು. ಗಾಜು ಎಂದರೆ ಅವರನ್ನು ಮೀರಿಸುವವರು ಯಾರು! ಹನ್ನೊಂದು ಗಂಟೆಗೆ ಬಿಸಿಲು ನೆಲದ ತನಕ ಬಂತು.

ಚಂದಕ್ಕೆ ಪರದೆ ಹೊಲಿದು ತರಲೇ ಎಂದೆ. ಗುಂಡಿ ಹಣೆ ಚಚ್ಚಿಕೊಂಡಳು. ಬೆಳಕು ಬರಲಿ ಎಂದು ಇಷ್ಟು ಒದ್ದಾಡಿದರೆ ಅಣ್ಣ ಪರದೆ ತರುತ್ತಾನಂತೆ!

ಅವಳ ಬಟ್ಟೆಯೂ ಹಾಗೇ. ಎದೆ ತುಂಬ ಕಸೂತಿ ಮಾಡಿ ನನ್ನ ಕೈಚಳಕ ತೋರಿಸಬೇಕೆಂದಿದ್ದೆ. ಬೇಡ, ಕಡುನೀಲಿ, ಸಾದಾ ಇರಲಿ ಎಂದು ಬರೆದುಕೊಟ್ಟಳು. ಹಿಂದೆ ಚಿತ್ತಾರವಿದ್ದರೆ ಮುಂದಿನ ಕೈ ಎದ್ದು ಕಾಣುವುದಿಲ್ಲವಂತೆ. ಹದಿನೆಂಟು ವರ್ಷದ ಟೈಲರ್ ನಾನು. ಇದು ಹೊಳೆದಿರಲಿಲ್ಲ.

ಮಾರ್ಚ್ 30, ಭಾನುವಾರ

ಬೈಂಡರ್ ದಿನಾ ಒಂದು ಗಂಟೆ ನನಗೆ ಪಾಠ ಮಾಡುತ್ತಿದ್ದಾನೆ. ಮದುವೆಯ ದಿನ ಆರು ವಾಕ್ಯ ಕೈಯಲ್ಲೇ ಹೇಳಬೇಕೆಂದು ನನ್ನ ಹಟ. ಸೂಜಿಗೆ ಬಗ್ಗುವ ಬೆರಳು ಗಾಳಿಯಲ್ಲಿ ಮರದ ತುಂಡು. "ತಂಗಿ ನನಗಿಂತ ಜಾಣೆ" ಎನ್ನಲು ಹೋಗಿ "ತಂಗಿ ನನಗಿಂತ ದಪ್ಪ" ಎಂದೆನಂತೆ. ಪುಣ್ಯಾತ್ಮ ಬಿದ್ದು ಹೋಗುವಂತೆ ನಕ್ಕ.

ನೀನೂ ಕಲಿ ಎಂದು ಅಮ್ಮನಿಗೆ ಹೇಳಿದೆ. "ಈ ವಯಸ್ಸಿಗೆ ನನ್ನ ಕೈ ಎಲ್ಲಿ ತಿರುಗುತ್ತೆ, ಬಿಡು" ಎಂದು ಒಳಗೆ ಹೋದಳು. ಹಿಂದೆಯೇ ಹೋದೆ. ಪಾತ್ರೆ ಕೈಯಲ್ಲಿ ಹಿಡಿದು ನಿಂತಿದ್ದಳು.

"ಡಾಕ್ಟ್ರು ಹೇಳಿದ್ರು ಕಣೋ... ಕೈ ಆಡಿಸೋಕೆ ಬಿಟ್ರೆ ಬಾಯಲ್ಲಿ ಮಾತು ಬರೋದೇ ಇಲ್ಲ ಅಂತ. ಅವಳು ಕೈ ಎತ್ತಿದಾಗಲೆಲ್ಲ ಹೊಡೀತಿದ್ದೆ, ಆ ಕೈ ಮೇಲೇನೆ. ಮಾತಂತೂ ಬರ್ಲಿಲ್ಲ. ನನ್ನ ಹತ್ರ ಕೈ ಆಡಿಸೋದನ್ನೂ ಬಿಟ್ಬಿಟ್ಲು."

ಪಾತ್ರೆ ಈಸಿಕೊಂಡು ನಾನೇ ತೊಳೆದೆ.

ಏಪ್ರಿಲ್ 12, ಶನಿವಾರ

ನಾಳೆ. ಕಡುನೀಲಿ ಬಟ್ಟೆಗೆ ಕೊನೆಯ ಇಸ್ತ್ರಿ ಆಯಿತು. ಊಟ ಅರವತ್ತೈದು ಜನರಿಗೆ, ಅಡುಗೆಯಾಕೆ ನಮ್ಮ ಬೀದಿಯವರೇ. ಆಮಂತ್ರಣವನ್ನು ಬೈಂಡರ್ ಕೈಯಾರೆ ಹೊಲಿದಿದ್ದ, ಅಂಗೈಯಗಲದ ಪುಸ್ತಕ. ಅದನ್ನೇ ಹಿಡಿದು ಅತ್ತೆ ಬರುತ್ತಾರಂತೆ — "ಅದೇನು ಮದುವೆಯೋ ನೋಡೇಬಿಡ್ತೀನಿ."

ನಾಲ್ಕನೇ ವಾಕ್ಯ ಮರೆಯುತ್ತಲೇ ಇದೆ.

ಏಪ್ರಿಲ್ 13, ಭಾನುವಾರ. ಸಂಜೆ

ಮುಗಿಯಿತು. ಬರೆದಿಡಬೇಕು.

ಹನ್ನೊಂದಕ್ಕೆ ಸರಿಯಾಗಿ ಬಿಸಿಲು ಒಳಗೆ ಬಂತು. ಗಂಡು ಹೆಣ್ಣು ಇಬ್ಬರೂ ಮದುವೆ ರಿಜಿಸ್ಟರಿಗೆ ಸಹಿ ಹಾಕಿದರು. ನಾನು ಎದ್ದು ಮಧ್ಯಕ್ಕೆ ಹೋದೆ. ಮೂರು ವಾಕ್ಯ ಸರಿಯಾಗಿ ಬಂದವು. ನಾಲ್ಕನೆಯದು — ಮಾಯ. ಅರವತ್ತೈದು ಜನ ನನ್ನ ಕೈಯನ್ನೇ ನೋಡುತ್ತಿದ್ದಾರೆ. ಗುಂಡಿ ಮುಂದೆ ಬಾಗಿ ಕೂತಿದ್ದಳು, ಬಾಟಲಿ ನೋಡುವಾಗಿನ ಅದೇ ಕಣ್ಣು.

ಕಲಿತದ್ದು ಬಿಟ್ಟು, ಬಂದ ಸನ್ನೆಯಲ್ಲೇ ಹೇಳಿದೆ. ಊಟ. ನೀನು ಕೇಳಿದೆ. ನಾನು ಹೇಳಲಿಲ್ಲ. ತಪ್ಪು ನನ್ನದು. ಮುಂದೆ ಹೇಳುತ್ತೇನೆ. ವ್ಯಾಕರಣ ದೇವರಿಗೇ ಪ್ರೀತಿ. ಅವಳಿಗೆ ಅರ್ಥವಾಯಿತು. ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಮೂವತ್ತು ಜೊತೆ ಅಂಗೈಗಳು ಬಿಸಿಲಿನಲ್ಲಿ ಮೇಲೆದ್ದು ಅಲುಗಾಡಿದವು. ಅದು ಅವರ ಚಪ್ಪಾಳೆ. ನಮ್ಮ ಕಡೆಯವರೂ ಒಬ್ಬೊಬ್ಬರಾಗಿ ಕೈ ಎತ್ತಿದರು.

ಅಮ್ಮ ಎದ್ದು ಬಂದಳು. ಗುಂಡಿಯ ಕೈಗಳನ್ನು ತೆಗೆದುಕೊಂಡು ತನ್ನ ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು.

ಅತ್ತೆ ಹೊರಡುವಾಗ ನನ್ನ ಪಕ್ಕ ನಿಂತು ಹೇಳಿದರು. "ಎಷ್ಟೋ ಮದುವೆಗೆ ಹೋಗಿದ್ದೀನಿ. ಪಕ್ಕದವರ ಹತ್ರ ಹರಟೆ ಹೊಡೀದೆ ಮದುಮಗಳ ಮುಖಾನೇ ನೋಡ್ತಾ ಕೂತಿದ್ದು ಇದೇ ಮೊದಲು." ಆಮೇಲೆ, "ಊಟಕ್ಕೆ ಉಪ್ಪು ಕಮ್ಮಿ ಇತ್ತು." ಅತ್ತೆ ಅತ್ತೆಯೇ.

ಏಪ್ರಿಲ್ 19, ಶನಿವಾರ. ನಾಲ್ಕು ಗಂಟೆ

ಸ್ಕೂಲ್ ಯೂನಿಫಾರ್ಮ್ ಸೀಸನ್ ಶುರು. ಮೂವತ್ತು ಷರ್ಟು ಬಾಕಿ. ಅಮ್ಮ ಮೂರು ದಿನದಿಂದ ಬೈಂಡರ್ ಹತ್ತಿರ ಹೋಗಿ ಕೂರುತ್ತಿದ್ದಾಳೆ. ನನಗೆ ಹೇಳಿಲ್ಲ, ಮಾರ್ಕೆಟ್ಟಿಗೆ ಹೋಗಿದ್ದೆ ಎನ್ನುತ್ತಾಳೆ, ಚೀಲ ಖಾಲಿ.

ಈಗ ಎದುರಿನ ಬಸ್ ಸ್ಟಾಪಿನಲ್ಲಿ ಗುಂಡಿ ಇಳಿದಳು. ಅಮ್ಮ ಅವಳಿಗಾಗಿ ಕಾಯುತ್ತಿದ್ದವಳಂತೆ ಮುಂದೆ ಹೋದಳು. ಚೀಲ ನೆಲಕ್ಕಿಟ್ಟಳು. ಎರಡೂ ಕೈ ಎತ್ತಿ ಏನೋ ಹೇಳುತ್ತಿದ್ದಾಳೆ, ನಿಧಾನಕ್ಕೆ, ತಪ್ಪಿದ್ದನ್ನು ಮತ್ತೆ ಮತ್ತೆ ತಿದ್ದಿಕೊಂಡು. ಗುಂಡಿ ಅಲುಗಾಡದೆ ನಿಂತಿದ್ದಾಳೆ. ನಡುವೆ ಲಾರಿ ಬಂತು. ಹೋಯಿತು. ಅಮ್ಮ ಇನ್ನೂ ಹೇಳುತ್ತಲೇ ಇದ್ದಾಳೆ. ಇಲ್ಲಿಂದ ಸರಿಯಾಗಿ ಕಾಣುತ್ತಿಲ್ಲ, ಎದ್ದು ಬಾಗಿಲಿಗೆ ಹೋಗಿ ನೋಡುತ್ತೇನೆ.