ನನ್ನದಲ್ಲದ ಫೋಟೋ

ಗುರುವಾರ, ವಾರದ ರಜೆ

ಪ್ರೀತಿಯ ಗಿಣಿ,

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ. ಕ್ಷಮಿಸು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ನಿನ್ನ ಫೋನನ್ನು ನಿಮ್ಮಣ್ಣ ಕಿತ್ತಿಟ್ಟುಕೊಂಡಿದ್ದಾನೆ ಅಂತ ಗೊತ್ತಾಯಿತು. ಅದಕ್ಕೇ ಈ ಕಾಗದ. ನಿನ್ನನ್ನು ಈಗ ಇಟ್ಟಿರುವ ಚಿಕ್ಕಮ್ಮನ ಮನೆಯ ವಿಳಾಸವನ್ನು ಇಸ್ತ್ರಿ ಮಾಡುವ ಅಕ್ಕ ಕೊಟ್ಟರು. ನಿನ್ನನ್ನು ಬಾಗಿಲ ಹೊರಗೂ ಬಿಡುವುದಿಲ್ಲವಂತೆ. ಕೆಲಸ ಹೋಯಿತು, ಮಾನ ಹೋಯಿತು, ಇನ್ನು ಸಿಕ್ಕಿದವನಿಗೆ ಕಟ್ಟಿ ಕೈ ತೊಳೆದುಕೊಳ್ಳುತ್ತೇನೆ ಎಂದು ನಿಮ್ಮಣ್ಣ ಗಂಡು ಹುಡುಕುತ್ತಿದ್ದಾನಂತೆ. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಲಾಂಡ್ರಿಯಲ್ಲಿ ನಿನ್ನ ಜಾಗಕ್ಕೆ ಹೊಸಬಳು ಬಂದಿದ್ದಾಳೆ. ಆಸ್ಪತ್ರೆಯ ಚಾದರ ಮಡಚುವಾಗ ನೀನು ಎರಡು ಮೂಲೆ, ನಾನು ಎರಡು ಮೂಲೆ ಹಿಡಿದು ಜಾಡಿಸಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸುತ್ತಿದ್ದೆವು. ನಮಗೆ ಮಾತೇ ಬೇಕಿರಲಿಲ್ಲ. ಅಂದರೆ ನನಗೆ ಬೇಕಿರಲಿಲ್ಲ, ನೀನು ಬಾಯಿ ಮುಚ್ಚಿದ್ದು ನನಗೆ ನೆನಪಿಲ್ಲ. ಇವಳು ತನ್ನ ಕಡೆಗೇ ಎಳೆಯುತ್ತಾಳೆ. ಚಾದರ ನನ್ನ ಕೈ ಜಾರಿ ನೆಲಕ್ಕೆ ಬೀಳುತ್ತದೆ, ಮತ್ತೆ ಒಗೆಯಲು ಹೋಗುತ್ತದೆ.

ಸುತ್ತಿ ಬಳಸಿ ಬರೆಯುವುದಿಲ್ಲ. ಗೇಟಿಗೆ ಬಂದಿದ್ದನಲ್ಲ, ಅವನು ನನಗಾಗಿ ಬಂದವನು.

ಒಣಗಿಸುವ ಹಾಲ್‌ನಲ್ಲಿ ನಮ್ಮನ್ನೆಲ್ಲ ಕೂರಿಸಿ, ಫೋನಿನಲ್ಲಿ ಗುರುತಿಲ್ಲದವರ ಜೊತೆ ಮಾತಾಡುವಾಗ ಹೇಗೆ ಹುಷಾರಾಗಿರಬೇಕು ಎಂದು ಒಬ್ಬ ಮೇಡಂ ಹೇಳಿಕೊಟ್ಟಿದ್ದರು, ನೆನಪಿದೆಯಾ? ನಿಮ್ಮ ನಿಜವಾದ ಹೆಸರು ಹೇಳಬೇಡಿ, ಮನೆ ಎಲ್ಲಿ, ಕೆಲಸ ಎಲ್ಲಿ ಹೇಳಬೇಡಿ, ನಿಮ್ಮ ಫೋಟೋ ಕಳಿಸಬೇಡಿ, ಒಬ್ಬರೇ ಭೇಟಿಗೆ ಹೋಗಬೇಡಿ ಅಂದರು. ನೀನು ಹಿಂದಿನಿಂದ, "ನಮ್ಮ ಮುಖ ನಮ್ಮನೆ ಕನ್ನಡೀಗೇ ಬೇಡ ಮೇಡಂ, ಇನ್ಯಾರು ಕೇಳ್ತಾರೆ?" ಅಂದೆ. ಮೇಡಮ್ಮೂ ನಕ್ಕರು. ನಾನು ನಗಲಿಲ್ಲ. ಬಟ್ಟೆ ಗಂಟಿಗೆ ಕಟ್ಟುವ ಚೀಟಿಯ ಹಿಂದೆ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಆಗಲೇ ಒಬ್ಬ ನನಗೆ ಮೆಸೇಜ್ ಮಾಡುತ್ತಿದ್ದ.

ಹಾಡು ಕಳಿಸುವ ಒಂದು ಗುಂಪಿನಲ್ಲಿ ಅವನಿಗೆ ನನ್ನ ನಂಬರ್ ಸಿಕ್ಕಿತ್ತು. ಲಿಫ್ಟ್ ರಿಪೇರಿ ಕೆಲಸ ಅಂದಿದ್ದ, ನಿಜವೋ ಸುಳ್ಳೋ. ಮಧ್ಯಾಹ್ನ ಊಟ ಆಯಿತಾ ಎಂದು ಕೇಳುತ್ತಿದ್ದ. ನಾನು ಒಂದೇ ಬೆರಳಿನಲ್ಲಿ ಒಂದು ಸಾಲು ಒತ್ತುವಷ್ಟರಲ್ಲಿ ಊಟದ ಬಿಡುವೇ ಮುಗಿಯುತ್ತಿತ್ತು. ಅವನು ಕಾಯುತ್ತಿದ್ದ. ನನ್ನ ಮಾತಿಗಾಗಿ ಯಾರಾದರೂ ಕಾದದ್ದನ್ನು ನೀನು ಕಂಡಿದ್ದೀಯಾ? ನೀನೂ ಕಾದವಳಲ್ಲ. ನಾನು ಬಾಯಿ ತೆರೆದರೆ ಆ ಮಾತನ್ನು ನೀನೇ ಮುಗಿಸುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ಇದನ್ನು ದೂರೆಂದು ಬರೆಯುತ್ತಿಲ್ಲ. ದೂರೆಂದೇ ಬರೆಯುತ್ತಿದ್ದೇನೋ ಏನೋ.

ಇಪ್ಪತ್ತು ದಿನ ಕಳೆದ ಮೇಲೆ ಫೋಟೋ ಕೇಳಿದ. ನಾನು ಚೀಟಿ ತೆಗೆದು ನೋಡಿದೆ. ನಿಮ್ಮ ಫೋಟೋ ಕಳಿಸಬೇಡಿ ಎಂದಿತ್ತು. ಸರಿ, ನನ್ನದು ಕಳಿಸಲಿಲ್ಲ. ನಿನ್ನದು ಕಳಿಸಿದೆ.

ನಿಯಮ ಮುರಿಯಲಿಲ್ಲ ಎಂದೇ ಅಂದುಕೊಂಡಿದ್ದೆ, ಗಿಣಿ. ಹೆಸರು ಸುಳ್ಳು, ಮುಖವೂ ನನ್ನದಲ್ಲ, ಇನ್ನೇನು ಹೆದರಿಕೆ ಅಂದುಕೊಂಡೆ. ಆ ಮುಖಕ್ಕೂ ಒಂದು ಮನೆ, ಒಂದು ದಾರಿ, ಒಬ್ಬ ಅಣ್ಣ ಇದ್ದಾನೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನೀಲಿ ಬಟ್ಟೆ ಹಾಕಿ, ಕೂದಲು ಬಿಟ್ಟು, ಲಾಂಡ್ರಿ ವ್ಯಾನಿಗೆ ಒರಗಿ ನಿಂತಿದ್ದೆಯಲ್ಲ, ಅದೇ ಫೋಟೋ. ನಿನ್ನ ಭುಜದ ಹಿಂದೆ ವ್ಯಾನಿನ ಮೇಲೆ ಲಾಂಡ್ರಿಯ ಹೆಸರು, ರಸ್ತೆಯ ಹೆಸರು ಎರಡೂ ಕಾಣುತ್ತಿದ್ದವು. ನನಗೆ ಓದು ನಿಧಾನ, ಫೋಟೋದೊಳಗಿನ ಅಕ್ಷರ ಓದುವ ಅಭ್ಯಾಸವೇ ಇಲ್ಲ. ಅವನು ಓದಿಕೊಂಡ.

ಭೇಟಿಯಾಗೋಣ ಎಂದು ನಾಲ್ಕು ಸಲ ಕೇಳಿದ. ನಾಲ್ಕು ಸಲವೂ ಆಗಲ್ಲ ಅಂದೆ, ಅದೂ ಚೀಟಿಯಲ್ಲಿತ್ತು. ನಾಲ್ಕನೇ ಸಲ ಹಾಗಂದ ಮಾರನೇ ದಿನ ಪಾಳಿ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದ. ಉಳಿದದ್ದನ್ನು ನಿನಗೆ ಹೇಳಬೇಕಾಗಿಲ್ಲ, ಆದರೆ ನಿಮ್ಮಣ್ಣ ಇದನ್ನು ಓದಬೇಕು, ಅವನಿಗಾಗಿ ಬರೆಯುತ್ತೇನೆ. ಗೇಟಿಗೆ ಬಂದವನು ನಿನ್ನ ಕೈ ಹಿಡಿದು, ನಾನು ಕೊಟ್ಟಿದ್ದ ಸುಳ್ಳು ಹೆಸರಿನಿಂದ ಕರೆದ. ನೀನು ಕೊಸರಿಕೊಂಡು ಯಾರೋ ನೀನು ಅಂದೆ. ಎಲ್ಲರ ಮುಂದೆ ಫೋನ್ ತೋರಿಸಿ, "ದಿನಾ ನನ್ನ ಹತ್ರ ಮಾತಾಡಿ ಈಗ ಯಾರು ಅಂತೀಯಾ?" ಅಂದ. ಸೂಪರ್‌ವೈಸರ್ ಓಡಿ ಬಂದರು. ಅವರು ಅವನನ್ನು ಏನೂ ಕೇಳಲಿಲ್ಲ, ನಿನ್ನನ್ನೇ ಕೇಳಿದರು: "ಫೋಟೋ ನಿಂದೇ ತಾನೆ? ಮತ್ತೆ?"

ನೀನು ನನ್ನ ಕಡೆ ತಿರುಗಿದೆ. "ಲೇ ಮೂಕಿ, ನೀನಾದ್ರೂ ಹೇಳೇ. ಬೆಳಗಿಂದ ಸಂಜೆವರೆಗೂ ನಿನ್ ಜೊತೇಲೇ ಇರ್ತೀನಲ್ಲೇ."

ನಾನು ನನ್ನ ಚಪ್ಪಲಿ ನೋಡಿದೆ. ಭಯಕ್ಕೆ ನಾಲಿಗೆ ಒಣಗಿಹೋಗಿತ್ತು. ಆಮೇಲೆ ಅವನು ಎರಡು ದಿನ ನಿನ್ನ ಮನೆಯವರೆಗೂ ಹಿಂಬಾಲಿಸಿದ್ದು, ನಿನ್ನ ಕೆಲಸ ತೆಗೆದದ್ದು, ನಿಮ್ಮಣ್ಣ ನಿನ್ನನ್ನು ಹೊಡೆದದ್ದು ಎಲ್ಲ ಗೊತ್ತಾಯಿತು. ಊಟದ ಹೊತ್ತಿನಲ್ಲಿ ನಮ್ಮವರು ನಿನ್ನ ಬಗ್ಗೆ ಏನೇನೋ ಆಡಿಕೊಂಡರು, ಇಷ್ಟು ನಗುನಗುತ್ತಾ ಇದ್ದವಳು ಹೀಗಾ ಅಂದರು. ನಾನು ಡಬ್ಬಿ ಮುಚ್ಚಿ ಎದ್ದು ಹೋಗುತ್ತಿದ್ದೆ. ಎದ್ದು ಹೋದದ್ದೇ ದೊಡ್ಡ ಉಪಕಾರ ಅಂದುಕೊಂಡಿದ್ದೆ.

ಮೊನ್ನೆ ಆ ಮೇಡಂಗೆ ಫೋನ್ ಮಾಡಿದೆ. ಅವರ ನಂಬರ್ ಒಣಗಿಸುವ ಹಾಲ್‌ನ ಗೋಡೆಯ ಮೇಲೆ ಇನ್ನೂ ಇದೆ. ನಾನು ಹೇಳಿ ಮುಗಿಸುವವರೆಗೆ ಅವರು ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, ಅಷ್ಟು ಬಿಡಿಸಿ ಹೇಳಿದ್ದೆನಲ್ಲಮ್ಮ ಅಂದರು. ಹೇಳಿದ್ದರು. ನಿಮ್ಮ ಫೋಟೋ ಎಂದಿದ್ದರು. ಬೇರೆಯವರದೂ ಬೇಡ ಎಂದು ಹೇಳಬೇಕಾಗುತ್ತದೆ ಎಂದು ಅವರಿಗೂ ತೋಚಿರಲಿಲ್ಲವಂತೆ. ಅವನ ಮೆಸೇಜ್ ಒಂದನ್ನೂ ಅಳಿಸಬೇಡ, ಉತ್ತರ ಕೊಡಬೇಡ, ಸೋಮವಾರ ನನ್ನ ಜೊತೆ ಠಾಣೆಗೆ ಬಾ ಅಂದರು. ಹೋಗುತ್ತೇನೆ. ಅದಕ್ಕೂ ಮುಂಚೆ ಸೂಪರ್‌ವೈಸರ್ ಮುಂದೆ ನಿಲ್ಲಬೇಕು. ನನ್ನ ಕೆಲಸವೂ ಹೋಗುತ್ತದೆ, ಹೋಗಲಿ.

ಈ ಕಾಗದವನ್ನು ನಿಮ್ಮಣ್ಣನ ಕೈಗೆ ಕೊಡು. ಅಣ್ಣಾ, ನಿಮ್ಮ ತಂಗಿ ಆ ಮನುಷ್ಯನ ಜೊತೆ ಒಂದೇ ಒಂದು ಮಾತೂ ಆಡಿಲ್ಲ. ಆಡಿದವಳು ನಾನು. ಅವಳನ್ನು ಕಾಯುವುದು ಬಿಟ್ಟು ನಿಮ್ಮ ಬೀದಿಯನ್ನು ಕಾಯಿರಿ, ಅವನಿಗೆ ಆ ದಾರಿ ಗೊತ್ತು.

ನನ್ನನ್ನು ಕ್ಷಮಿಸು ಎಂದು ಮೇಲೆ ಬರೆದಿದ್ದೇನೆ, ಅದು ಅಕ್ಷರಕ್ಕೆ. ಇದಕ್ಕೆ ಕೇಳುವ ಧೈರ್ಯ ನನಗಿಲ್ಲ.

ನಿನ್ನ ಎದುರು ಚಾದರ ಹಿಡಿಯುತ್ತಿದ್ದ
ಮೂಕಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಭಯಕ್ಕೆ ನಾಲಿಗೆ ಒಣಗಿತ್ತು ಎಂದು ಬರೆದೆನಲ್ಲ, ಅದು ಅರ್ಧ ನಿಜ. ಆ ದಿನ ನಿನ್ನ ಹತ್ತಿರ ಬರಲು ಅವನು ನನ್ನನ್ನು ದಾಟಬೇಕಿತ್ತು. "ಸ್ವಲ್ಪ ಪಕ್ಕಕ್ಕೆ ಸರಿಯಮ್ಮ" ಅಂದ. ದಿನಾ ನನ್ನ ಊಟ ವಿಚಾರಿಸಿದವನು. ನಾನು ಸರಿದು ನಿಂತೆ. ನೀನು ನನ್ನನ್ನು ಕೇಳಿದಾಗ ನನಗೆ ನಿನ್ನ ಮೇಲೆ ಹೊಟ್ಟೆ ಉರಿಯುತ್ತಿತ್ತು. ಆ ಸಂಜೆ ನಾನು ಅತ್ತೆ, ನಿನಗಾಗಿ ಅಲ್ಲ.

ನನ್ನ ಬರವಣಿಗೆಯನ್ನು ನಿಮ್ಮಣ್ಣ ನಂಬುವುದಿಲ್ಲ ಎಂದು ಇವತ್ತು ಬೆಳಿಗ್ಗೆ ಜೆರಾಕ್ಸ್ ಅಂಗಡಿಗೆ ಹೋಗಿ ಆ ಮೆಸೇಜುಗಳನ್ನೆಲ್ಲ ಪ್ರಿಂಟ್ ಹಾಕಿಸಿದೆ. ನಲವತ್ತಾರು ಹಾಳೆ, ಪ್ರತಿಯೊಂದರ ತಲೆಯಲ್ಲೂ ನನ್ನ ನಂಬರ್ ಬರೆದು ಈ ಕಾಗದದ ಜೊತೆ ಇಟ್ಟಿದ್ದೇನೆ. ಅಂಗಡಿಯವನು ಹೊರಗೆ ಬಂದ ಒಂದೊಂದು ಹಾಳೆಯನ್ನೂ ಓದಿ, ನನ್ನ ಮುಖ ನೋಡಿ, ಪಕ್ಕಕ್ಕೆ ಇಡುತ್ತಿದ್ದ. ಓದಬೇಡಿ ಎಂದು ನಾನು ಹೇಳಲಿಲ್ಲ.