ಅಕ್ಕನ ನಾರ್ಮಲ್ ರಕ್ತ

ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟಿ,

ಡಯಾಲಿಸಿಸ್‌ಗೆ ಓಡಾಡುತ್ತಿರುವವಳನ್ನು ಚೆನ್ನಾಗಿದ್ದೀಯಾ ಅಂತ ಕೇಳಿದರೆ ಗುರ್ ಅನ್ನುತ್ತೀಯ. ಆದರೂ ಕೇಳುತ್ತಿದ್ದೇನೆ. ನಿನ್ನ ಫೋನು ಎತ್ತದೇ ಇದ್ದದ್ದಕ್ಕೆ ಬೈದುಕೊಂಡಿರುತ್ತೀಯ, ಬೈದುಕೋ. ಫೋನಿನಲ್ಲಾದರೆ ನಾನು ಹಲೋ ಅನ್ನುವಷ್ಟರಲ್ಲಿ ಎಲ್ಲ ಬಾಯಿ ಬಿಡಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ಮೊದಲು ಲ್ಯಾಬಿನ ಸುದ್ದಿ. ನಮಗೊಂದು ಹೊಸ ಯಂತ್ರ ಬಂದಿದೆ, ಅಂಗೈಯಗಲದ್ದು. ಬಯೋಸೆನ್ಸರ್ ಅನ್ನುತ್ತಾರೆ. ಸ್ಟ್ರಿಪ್ಪಿನ ತುದಿಗೆ ಬೆರಳಿನ ಒಂದು ಹನಿ ರಕ್ತ ತಾಗಿಸಿದರೆ ಸಾಕು. ಅದರ ಮೇಲೆ ಸವರಿದ ಕಿಣ್ವ ರಕ್ತದಲ್ಲಿರುವ ಕ್ರಿಯಾಟಿನಿನ್ ಜೊತೆ, ಅದೇ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸದ ಜೊತೆ, ಸೇರಿದಾಗ ಚೂರು ವಿದ್ಯುತ್ ಹುಟ್ಟುತ್ತದೆ. ಅದನ್ನು ಅಳೆದು, ಕಿಡ್ನಿ ಹೇಗಿದೆ ಅಂತ ಚಹಾ ಆರುವ ಮೊದಲೇ ಹೇಳಿಬಿಡುತ್ತದೆ.

ಹೊಸದು ಏನೇ ಬರಲಿ, ನಮ್ಮಲ್ಲಿ ಮೊದಲ ಹನಿ ನನ್ನದು. "ಅಕ್ಕನ ರಕ್ತ ನಾರ್ಮಲ್. ಅದಕ್ಕೆ ಸರಿ ಬಂದ್ರೆ ಯಂತ್ರ ಸರಿ" ಅಂತ ನಮ್ಮ ಡಾಕ್ಟರೇ ಹೇಳಿಕೊಂಡು ತಿರುಗುತ್ತಾರೆ. ನನಗೂ ಒಳಗೊಳಗೇ ಜಂಬ. ಆ ಜಂಬದಲ್ಲೇ ಅಲ್ಲವೇ, ನನ್ನ ಕಿಡ್ನಿ ನಿನಗೇ, ಮಾತು ಮುಗೀತು ಅಂದದ್ದು. ನೀನೂ ಅದನ್ನು ನಂಬಿ, ಬೇರೆ ಕಿಡ್ನಿಗೆ ಕಾಯುವವರ ಸಾಲಿನಲ್ಲಿ ಹೆಸರನ್ನೂ ಬರೆಸಲಿಲ್ಲ.

ಯಂತ್ರ ನನ್ನ ಹನಿಯಲ್ಲಿ ಕ್ರಿಯಾಟಿನಿನ್ ಹೆಚ್ಚು ತೋರಿಸಿತು. ಎಲ್ಲರೂ ನಕ್ಕು, ಕೆಟ್ಟಿದೆ ಅಂತ ವಾಪಸು ಕಳಿಸಿದೆವು. ಬದಲಿಗೆ ಬಂದದ್ದೂ ಹಾಗೇ ತೋರಿಸಿತು. ನಾನು ಕಂಪನಿಯವರಿಗೆ ಹಿಗ್ಗಾಮುಗ್ಗಾ ಬೈದೆ. ರಿಪೇರಿಯವರು ಬಂದು ತಮ್ಮ ಬೆರಳು ಚುಚ್ಚಿಕೊಂಡು ನೋಡಿದರು, ಸರಿಯಾಗಿತ್ತು. ಡಾಕ್ಟರದ್ದು ನೋಡಿದರು, ಅದೂ ಸರಿ. ಆಮೇಲೆ ನನ್ನದು. "ಮೇಡಂ, ಯಂತ್ರದಲ್ಲಿ ಏನೂ ತೊಂದರೆ ಇಲ್ಲ" ಅಂದವರು ನನ್ನ ಮುಖ ನೋಡದೆ ಚೀಲ ಮುಚ್ಚತೊಡಗಿದರು.

ತೋಳಿನಿಂದ ರಕ್ತ ತೆಗೆದು ದೊಡ್ಡ ಯಂತ್ರಕ್ಕೂ ಕೊಟ್ಟೆವು. ಅದೂ ಅದನ್ನೇ ಹೇಳಿತು. ಆ ದೊಡ್ಡ ಯಂತ್ರ ಹೊಸದಾಗಿ ಬಂದಾಗ ಅದಕ್ಕೆ ನನ್ನ ರಕ್ತ ಕೊಟ್ಟು ವರ್ಷಗಳೇ ಆಗಿವೆ. ಅವತ್ತಿನಿಂದ ಈಚೆಗೆ ನನ್ನ ಕಿಡ್ನಿ ಹೇಗಿದೆ ಅಂತ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ನಾರ್ಮಲ್ ಅಂತ ಎಲ್ಲರಿಗೂ ಗೊತ್ತಿತ್ತಲ್ಲ.

ಕಿಡ್ನಿ ಡಾಕ್ಟರನ್ನು ಕಂಡೆ. ಮಾತ್ರೆ, ಪಥ್ಯ ಅಂತ ಮಾಡಿಕೊಂಡಿದ್ದರೆ ನನ್ನ ಗಾಡಿ ಬಹಳ ಕಾಲ ಓಡುತ್ತದಂತೆ. ಆದರೆ ಇನ್ನೊಬ್ಬರಿಗೆ ಕೊಡುವ ಮಾತೇ ಇಲ್ಲ ಅಂದರು. ನಿನಗೆ ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲ ಪುಟ್ಟಿ. ಈ ಕಾಗದ ಸಿಕ್ಕಿದ ದಿನವೇ ಹೋಗಿ ಸಾಲಿನಲ್ಲಿ ಹೆಸರು ಬರೆಸು.

ನೀರು ಅಳೆದು ಕುಡಿ. ಗಂಡನ ಮೇಲೆ ರೇಗಬೇಡ, ಅವರೂ ಸೋತುಹೋಗಿದ್ದಾರೆ. ನೂರು ವರ್ಷ ಬಾಳು, ನನ್ನನ್ನು ಬೈಯಲು ಯಾರಾದರೂ ಬೇಕಲ್ಲ.

ನಿನ್ನ
ಅಕ್ಕ

ಇನ್ನೊಂದು ಮಾತು: ಮೊನ್ನೆ ನಿನ್ನ ಮಗಳು ಕಾಲೇಜು ಮುಗಿಸಿಕೊಂಡು ಲ್ಯಾಬಿಗೆ ಬಂದಿದ್ದಳು. ಅವಳಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. "ನಿಮ್ಮ ಕೈಲಿ ಆಗದಿದ್ರೆ ಏನಂತೆ ದೊಡ್ಡಮ್ಮ, ನಾನಿಲ್ವಾ? ಅಮ್ಮನಿಗೆ ನಾನು ಕೊಡ್ತೀನಿ" ಅಂತ ನಗುತ್ತಾ ಬೆರಳು ಚಾಚಿದಳು. ಅಕ್ಕತಂಗಿ ಇಬ್ಬರಿಗೂ ಬಂದಿದೆ ಅಂದರೆ ಇದು ವಂಶದಲ್ಲೇ ಇರಬಹುದು, ಮಕ್ಕಳನ್ನೂ ನೋಡಿಸಿ ಅಂತ ಕಿಡ್ನಿ ಡಾಕ್ಟರು ಹೇಳಿದ್ದರು. ನಾನು, ಸ್ಟ್ರಿಪ್ ಮುಗಿದಿದೆ ಮಗಳೇ ಅಂದೆ. ಡಬ್ಬಿ ತುಂಬಿತ್ತು. ನೀನೇ ಅವಳನ್ನು ಕರೆದುಕೊಂಡು ಬಾ. ಆ ಅಂಕೆಯನ್ನು ಒಬ್ಬಳೇ ನೋಡುವ ಧೈರ್ಯ ನನಗಿಲ್ಲ.