ಕರಡಿಗೆ ಹಿಡಿಯುವ ಕೈ

ಕಾತ್ರಜ, ಪುಣೆ
ಮಂಗಳವಾರ, ೧೨ ನವೆಂಬರ್ ೨೦೨೪

ಪ್ರೀತಿಯ ಚನ್ನಬಸವ್ವಾ,

ನಿನ್ನ ಸೊಂಟನೋವು ಹೇಗಿದೆ? ತ್ರಿವೇಣಿ ಹೊಟ್ಟೆ ತುಂಬ ಉಣ್ಣುತ್ತಾಳೋ ಇಲ್ಲವೋ? ಮೊಮ್ಮಗನಿಗೆ ಎಣ್ಣೆ ತಿಕ್ಕುತ್ತ ನೀನು ಹಾಡಿದ್ದನ್ನು ಫೋನಿನಲ್ಲಿ ಕೇಳಿದೆ. ನಿನ್ನ ರಾಗಕ್ಕೂ ಅಳಲಿಲ್ಲವಲ್ಲ, ಗಟ್ಟಿ ಪಿಂಡ. ಮಗಳ ಬಾಣಂತನಕ್ಕೆಂದು ನೀನು ವಿಜಯಪುರಕ್ಕೆ ಹೋದ ಮೇಲೆ ಈ ಮನೆಯಲ್ಲಿ ನನ್ನ ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ. ಈಗ ಹೇಳುವ ಸುದ್ದಿ ಫೋನಿಗೆ ತಕ್ಕದ್ದಲ್ಲ. ನೀನು ಸ್ಪೀಕರ್ ಹಾಕಿಯೇ ಮಾತಾಡುವವಳು, ಬಾಣಂತಿ ಗಾಬರಿಯಾದಾಳು. ಅದಕ್ಕೇ ಊರಿಗೆ ಹೊರಟಿರುವ ಪಕ್ಕದ ಮನೆಯ ಅವಿನಾಶನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಮೆಟ್ಟಿಲು ಹತ್ತುವಾಗ ನನಗೆ ದಮ್ಮು ಹತ್ತುತ್ತಿತ್ತಲ್ಲ, ಅದು ವಯಸ್ಸಿನದಲ್ಲವಂತೆ. ಹೃದಯದ ಕವಾಟವೊಂದು ಕೆಟ್ಟಿದೆ. ಮುಂದಿನ ವಾರ ಗುರುವಾರ ಎದೆ ತೆರೆದು ಹೊಸದು ಕೂರಿಸುತ್ತಾರೆ. ಅದಕ್ಕೆ ಮೊದಲು, ಹೃದಯಕ್ಕೇ ರಕ್ತ ಒಯ್ಯುವ ನಾಳಗಳು ಎಲ್ಲಾದರೂ ಕಟ್ಟಿವೆಯೇ ಎಂದು ನೋಡಲು ನಿನ್ನೆ ಸ್ಕ್ಯಾನ್ ಮಾಡಿದರು. ಎದೆಯ ಮೇಲೆ ಲೋಹ ಇರಬಾರದು, ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ತೆಗೆದು ಜೊತೆಗೆ ಬಂದವರಿಗೆ ಕೊಡಿ ಎಂದರು. ಜೊತೆಗೆ ಯಾರಿದ್ದರು? ದೀಕ್ಷೆಯ ದಿನದಿಂದ ಮೈಬಿಟ್ಟಿರದ ಲಿಂಗವನ್ನು ಚಪ್ಪಲಿ, ಚಾವಿಗಳ ಪೆಟ್ಟಿಗೆಯಲ್ಲಿ ಇಡಲು ನನ್ನ ಕೈ ಏಳಲಿಲ್ಲ. ನರ್ಮದಾ ಎಂಬ ಮರಾಠಿ ನರ್ಸ್ ನನ್ನ ಮುಖ ನೋಡಿ, ಕೈ ತೊಳೆದು ಬಂದು ಇಸಿದುಕೊಂಡಳು.

ನಾಡಿ ನಿಧಾನವಾಗದಿದ್ದರೆ ಚಿತ್ರ ಕದಡುತ್ತದಂತೆ. ಗುಳಿಗೆ ಕೊಟ್ಟು ಕಾಯ್ದರು, ಇಳಿಯಲಿಲ್ಲ. ಆ ತಣ್ಣನೆಯ ಕೋಣೆಯಲ್ಲಿ ಬರಿ ಎದೆಯಲ್ಲಿ ಮಲಗಿ ನನಗೆ ಯಾರೂ ಇಲ್ಲವೆನಿಸಿತು, ಸುಳ್ಳು ಯಾಕೆ ಹೇಳಲಿ. ಕತ್ತು ಹೊರಳಿಸಿದರೆ ಗಾಜಿನಾಚೆ ನರ್ಮದಾ ನಿಂತಿದ್ದಳು, ಕರಡಿಗೆಯನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡು, ನಾನು ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂತಾಗ ಬರಿ ಕರಡಿಗೆಯನ್ನು ಥೇಟ್ ನೀನು ಹಿಡಿಯುವ ಹಾಗೆ. "ಕಾಕಾ, ಮೀ ಇಥೇಚ್ ಆಹೇ," ಇಲ್ಲೇ ಇದ್ದೇನೆ ಎಂದು ಮೈಕಿನಲ್ಲಿ ಹೇಳಿದಳು. ನಾಡಿ ಇಳಿಯಿತು. ಡಾಕ್ಟರು ಗುಳಿಗೆಯ ಗುಣ ಅಂದರು, ಇರಲಿ.

ನಾಳಗಳೆಲ್ಲ ಸ್ವಚ್ಛ, ಕವಾಟದ್ದಷ್ಟೇ ಕೆಲಸ. ಹಸಿ ಬಾಣಂತಿಯನ್ನು ಬಿಟ್ಟು ನೀನು ಬರಬೇಡ. ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕಲು ಆಫೀಸಿನ ದೇವಾನಂದ ಒಪ್ಪಿದ್ದಾನೆ.

ತ್ರಿವೇಣಿಗೆ ಆಶೀರ್ವಾದ. ಮೊಮ್ಮಗನಿಗೆ ನನ್ನ ಹೆಸರಿನಲ್ಲೊಂದು ದೃಷ್ಟಿಬೊಟ್ಟು ಇಡು.

ನಿನ್ನ
ಮಲಕಪ್ಪ

ತಾ.ಕ.: ಅವಿನಾಶ ಬಾಗಿಲಲ್ಲಿ ನಿಂತಿದ್ದಾನೆ. ಗುರುವಾರ ಕರಡಿಗೆ ಮತ್ತೆ ತೆಗೆಯಬೇಕು, ಈ ಸಲ ತಾಸುಗಟ್ಟಲೆ. ನರ್ಮದಾ ತಾನೇ ಹಿಡಿದುಕೊಳ್ಳುತ್ತೇನೆ ಎಂದಳು. ಬೇಡವ್ವಾ, ನನ್ನ ಹೆಂಡತಿ ಬರುತ್ತಾಳೆ ಎಂದುಬಿಟ್ಟೆ. ತ್ರಿವೇಣಿಯನ್ನು ಅವಳ ಅತ್ತೆಗೆ ಒಪ್ಪಿಸಿ ಬಾ.